ಥೈರಾಯ್ಡ್‌ಗೆ ಮಾತ್ರೆ ಫ್ರೀ, ಆಸ್ತಮಾಗೆ ಇಲ್ವಾ? ಇಂಗ್ಲೆಂಡಿನ ಪ್ರಿಸ್ಕ್ರಿಪ್ಷನ್ ಗೊಂದಲ

ರೆಡಿಂಗ್ ಕನ್ನಡತಿ
ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನಿಂದ ರೆಡಿಂಗ್‌ಗೆ ಬಂದು ಸ್ವಲ್ಪ ಕಾಲ ಆಯಿತು. ನನಗೆ ಥೈರಾಯ್ಡ್ ಇದೆ, ದಿನಾ 75 ಮೈಕ್ರೋಗ್ರಾಂ ಲಿವೊಥೈರಾಕ್ಸಿನ್. ಜೊತೆಗೆ ಬಿಪಿ ಮಾತ್ರೆ ಒಂದು. ನಮ್ಮ ಯಜಮಾನರಿಗೆ ಚಿಕ್ಕಂದಿನಿಂದ ಆಸ್ತಮಾ, ಎರಡು ಇನ್ಹೇಲರ್. ಪ್ರತಿ ಸಲ ಫಾರ್ಮಸಿಗೆ ಹೋದರೆ ನಾಲ್ಕು ಐಟಂಗೂ ದುಡ್ಡು ಕಟ್ಟಿ ಬರುತ್ತಿದ್ದೇವೆ.

ಮೊನ್ನೆ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವರೊಬ್ಬರು "ಥೈರಾಯ್ಡ್ ಇದ್ದರೆ ನೀವು ಕಟ್ಟಲೇಬೇಕಾಗಿಲ್ಲ" ಎಂದರು. ಸರ್ಜರಿಗೆ (ಇಲ್ಲಿ ಡಾಕ್ಟರ ಕ್ಲಿನಿಕ್‌ಗೆ ಹಾಗೆನ್ನುತ್ತಾರೆ) ಫೋನ್ ಮಾಡಿದೆ. ರಿಸೆಪ್ಷನ್‌ನಲ್ಲಿದ್ದವರು "ಬಹಳ ಕಾಲದ ಕಾಯಿಲೆ ಇದ್ದವರಿಗೆಲ್ಲ ಫ್ರೀ" ಎಂದರು. ಫಾರ್ಮಸಿಸ್ಟ್ ಕೇಳಿದರೆ "ಆಸ್ತಮಾಗೆ ಇಲ್ಲ" ಎನ್ನುತ್ತಾರೆ. ಇಬ್ಬರಲ್ಲಿ ಯಾರ ಮಾತು ನಂಬಬೇಕು? ಎರಡೂ ಜೀವನಪೂರ್ತಿ ಇರುವ ಕಾಯಿಲೆಗಳೇ ಅಲ್ವಾ? ವೀಸಾ ಜೊತೆ ಹೆಲ್ತ್ ಸರ್‌ಚಾರ್ಜ್ ಅಂತ ಅಷ್ಟೊಂದು ದುಡ್ಡು ಕಟ್ಟಿದ ಮೇಲೆ ಮಾತ್ರೆಗೂ ಯಾಕೆ ಕಟ್ಟಬೇಕು ಅನ್ನುವುದೂ ಅರ್ಥ ಆಗುತ್ತಿಲ್ಲ.

ಹಾಸನದ ಹೈದ
ಫಾರ್ಮಸಿಸ್ಟ್ ಹೇಳಿದ್ದು ಸರಿ. ನಿಮಗೆ ಫ್ರೀ, ಯಜಮಾನರಿಗೆ ಇಲ್ಲ. ಇವತ್ತೇ ಫಾರಂ ತುಂಬಿ.

ಕೊವೆಂಟ್ರಿ ಕಾಕಾ
ತಂಗಿ, ನಿನಗ ಥೈರಾಯ್ಡ್ ಮಾತ್ರೆ ಅಷ್ಟೇ ಅಲ್ಲ, ಬಿಪಿ ಮಾತ್ರೆನೂ ಫ್ರೀ. ವಿನಾಯಿತಿ ಕಾರ್ಡ್ ಒಮ್ಮೆ ಬಂತು ಅಂದ್ರ ನಿನ್ನ ಹೆಸರಿನ ಎಲ್ಲ ಎನ್‌ಎಚ್‌ಎಸ್ (ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆ) ಔಷಧಿನೂ ಅದರಾಗ ಬರ್ತಾವ. ಜ್ವರಕ್ಕ ಆ್ಯಂಟಿಬಯಾಟಿಕ್ ಬರೆದ್ರೂ ಸೈತ.

ಔಷಧಿ ಅಂಗಡಿ
ನಾನು ಮಿಡ್‌ಲ್ಯಾಂಡ್ಸ್‌ನಲ್ಲಿ ಫಾರ್ಮಸಿಸ್ಟ್. ಈ ಪ್ರಶ್ನೆ ಕೌಂಟರ್‌ನಲ್ಲಿ ದಿನಾ ಬರುತ್ತದೆ, ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಕಾಯಿಲೆ ಎಷ್ಟು ಕಾಲದ್ದು ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಒಂದು ಪಟ್ಟಿ ಇದೆ, ಅದರಲ್ಲಿ ಹೆಸರು ಇರಬೇಕು. ಮಾತ್ರೆ ಅಥವಾ ಇನ್ಸುಲಿನ್ ಬೇಕಾಗುವ ಸಕ್ಕರೆ ಕಾಯಿಲೆ, ಹಾರ್ಮೋನ್ ಮಾತ್ರೆ ಬೇಕಾಗುವ ಕಡಿಮೆ ಥೈರಾಯ್ಡ್, ನಿರಂತರ ಔಷಧಿ ಬೇಕಾಗುವ ಮೂರ್ಛೆ ರೋಗ, ಕ್ಯಾನ್ಸರ್. ಜನ ಜಾಸ್ತಿ ಕೇಳುವುದು ಇವುಗಳನ್ನೇ. ಆಮೇಲೆ ಅಡಿಸನ್ಸ್ ಕಾಯಿಲೆಯಂಥ ಅಡ್ರಿನಲ್ ಕೊರತೆ, ಪಿಟ್ಯೂಟರಿ ಕೊರತೆ, ಡಯಾಬಿಟಿಸ್ ಇನ್ಸಿಪಿಡಸ್ (ಇದು ಸಕ್ಕರೆ ಕಾಯಿಲೆ ಅಲ್ಲ, ವಿಪರೀತ ಮೂತ್ರ ಹೋಗುವುದು), ಪ್ಯಾರಾಥೈರಾಯ್ಡ್ ಕೊರತೆ, ಸ್ನಾಯುಗಳ ಬಲ ಕುಂದುವ ಮಯಸ್ತೀನಿಯಾ ಗ್ರೇವಿಸ್, ಕೊಲೊಸ್ಟೊಮಿ (ಮಲ ಹೊರಹೋಗಲು ಹೊಟ್ಟೆಯಲ್ಲಿ ಮಾಡಿದ ದಾರಿ) ಥರದ ಶಾಶ್ವತ ಫಿಸ್ಟುಲಾ, ಮತ್ತು ಇನ್ನೊಬ್ಬರ ನೆರವಿಲ್ಲದೆ ಮನೆಯಿಂದ ಹೊರಗೆ ಹೋಗಲಾಗದ ಶಾಶ್ವತ ದೈಹಿಕ ತೊಂದರೆ. ಇಷ್ಟೇ. ಆಸ್ತಮಾ, ಬಿಪಿ, ಪಾರ್ಕಿನ್‌ಸನ್ಸ್, ಸಂಧಿವಾತ ಯಾವುದೂ ಇಲ್ಲ.

ಇನ್ನೊಂದು ಮುಖ್ಯ ವಿಷಯ. ಪಟ್ಟಿಯಲ್ಲಿರುವ ಕಾಯಿಲೆ ಇದ್ದರೆ ಸಾಲದು, ವಿನಾಯಿತಿ ಸರ್ಟಿಫಿಕೇಟ್ (ಮೆಡಿಕಲ್ ಎಕ್ಸೆಂಪ್ಷನ್, ಕಾಕಾ ಹೇಳಿದ ಕಾರ್ಡ್ ಇದೇ) ಕೈಗೆ ಬಂದಿರಬೇಕು. ಹಸಿರು ಪ್ರಿಸ್ಕ್ರಿಪ್ಷನ್ ಚೀಟಿಯ ಹಿಂಭಾಗ ನೋಡಿ, ಅಕ್ಷರಗಳ ಮುಂದೆ ಚೌಕಗಳಿವೆ. ಅದರಲ್ಲಿ 'ಇ' ಚೌಕ ಮೆಡಿಕಲ್ ಎಕ್ಸೆಂಪ್ಷನ್‌ದು. ಅಲ್ಲಿ ಬರೆದಿರುವುದು ಚಾಲ್ತಿಯಲ್ಲಿರುವ ಸರ್ಟಿಫಿಕೇಟ್ ಇದೆ ಎಂದು. ಕಾಯಿಲೆ ಇದೆ ಎಂದಲ್ಲ. ಸರ್ಟಿಫಿಕೇಟ್ ಬರುವ ಮೊದಲೇ ಅಲ್ಲಿ ಗುರುತು ಹಾಕಿ ಸಹಿ ಮಾಡಿದರೆ ಮುಂದೆ ದಂಡದ ಪತ್ರ ಬರಬಹುದು.

ಫಾರಂ ಹೆಸರು ಎಫ್‌ಪಿ 92ಎ. ಅದು ಆನ್‌ಲೈನ್‌ನಲ್ಲಿ ಸಿಗುವುದಿಲ್ಲ, ಸರ್ಜರಿಯಲ್ಲೇ ಕೇಳಿ. ನಿಮ್ಮ ವಿವರ ನೀವು ತುಂಬಿ, ಡಾಕ್ಟರ್ ಅಥವಾ ಅವರು ಅಧಿಕಾರ ಕೊಟ್ಟವರು ಸಹಿ ಮಾಡಿ ಕಳಿಸುತ್ತಾರೆ. ಅರ್ಜಿ ತಲುಪಿದ ದಿನದಿಂದ ಒಂದು ತಿಂಗಳು ಹಿಂದಕ್ಕೆ ಸೇರಿಸಿ ಕೊಡುತ್ತಾರೆ. 5 ವರ್ಷ ನಡೆಯುತ್ತದೆ.

ರೆಡಿಂಗ್ ಕನ್ನಡತಿ
ತುಂಬಾ ಧನ್ಯವಾದ ಸರ್. ಅಂದರೆ ಇಷ್ಟು ದಿನ ಕಟ್ಟಿದ ದುಡ್ಡು?

ಔಷಧಿ ಅಂಗಡಿ
ಹಳೆಯದು ಸಿಗುವುದಿಲ್ಲ ಮೇಡಂ. ಈಗಿನಿಂದ ಕಟ್ಟುವಾಗ ಎಫ್‌ಪಿ 57 ರಸೀತಿ ಕೇಳಿ ತೆಗೆದುಕೊಳ್ಳಿ. ದುಡ್ಡು ಕೊಡುವಾಗಲೇ ಕೇಳಬೇಕು, ಆಮೇಲೆ ಕೊಡಲು ಬರುವುದಿಲ್ಲ. ಸರ್ಟಿಫಿಕೇಟಿನ ಆರಂಭದ ದಿನದ ನಂತರ ಕಟ್ಟಿದ್ದು ಇದ್ದರೆ, ಆ ರಸೀತಿ ತೋರಿಸಿ 3 ತಿಂಗಳ ಒಳಗೆ ವಾಪಸ್ ಪಡೆಯಬಹುದು. ಮಾಮೂಲಿ ಕಾರ್ಡ್ ಸ್ಲಿಪ್ ನಡೆಯುವುದಿಲ್ಲ.

ಸ್ಲೌ ನಿವಾಸಿ
ಇದೇನು ಪೂರ್ತಿ ನಿಜ ಅಲ್ಲ. ನನಗೂ ಥೈರಾಯ್ಡ್ ಇದೆ, ಕಾರ್ಬಿಮಜೋಲ್ ತೆಗೆದುಕೊಳ್ಳುತ್ತೇನೆ. ಸರ್ಜರಿಯವರು ಫಾರಂ ಕೊಡುವುದಿಲ್ಲ ಎಂದುಬಿಟ್ಟರು. "ಥೈರಾಯ್ಡ್ ಫ್ರೀ" ಅಂತ ಎಲ್ಲರೂ ಸುಮ್ನೆ ಹೇಳಬೇಡಿ.

ಲೀಡ್ಸ್ ಡಾಕ್ಟರಮ್ಮ
ನಿಮಗೆ ಇರುವುದು ಥೈರಾಯ್ಡ್ ಜಾಸ್ತಿಯಾಗುವ ಕಾಯಿಲೆ. ಪಟ್ಟಿಯಲ್ಲಿ ಇರುವುದು ಕಡಿಮೆಯಾಗಿ, ಹಾರ್ಮೋನನ್ನೇ ಹೊರಗಿನಿಂದ ಕೊಡಬೇಕಾದದ್ದು. ಮುಂದೆ ನಿಮಗೆ ರೇಡಿಯೋ ಅಯೋಡಿನ್ ಕೊಟ್ಟೋ ಆಪರೇಷನ್ ಮಾಡಿಯೋ ಗ್ರಂಥಿ ಕೆಲಸ ನಿಲ್ಲಿಸಿ ಲಿವೊಥೈರಾಕ್ಸಿನ್ ಶುರುವಾದರೆ, ಆಗ ಅರ್ಹತೆ ಬರುತ್ತದೆ. ಮರೆಯದೆ ಕೇಳಿ, ಎಷ್ಟೋ ಜನ ಆ ಹೊತ್ತಿಗೆ ವಿಚಾರಿಸುವುದೇ ಬಿಟ್ಟಿರುತ್ತಾರೆ.

ಸಕ್ಕರೆ ಕಾಯಿಲೆಯಲ್ಲೂ ಇದೇ ಥರದ ಗೆರೆ ಇದೆ. ಊಟದ ಪಥ್ಯದಲ್ಲೇ ಹತೋಟಿಯಲ್ಲಿದ್ದರೆ ವಿನಾಯಿತಿ ಇಲ್ಲ. ಮೆಟ್‌ಫಾರ್ಮಿನ್ ಶುರುವಾದ ದಿನದಿಂದ ಅರ್ಹತೆ ಇದೆ.

ತುಂಗಾತೀರ
ಡಾಕ್ಟರೇ, ನನ್ನ ತಂಗಿಗೆ ಪಿಸಿಒಎಸ್ (ಅಂಡಾಶಯದ ಹಾರ್ಮೋನ್ ತೊಂದರೆ) ಅಂತ ಮೆಟ್‌ಫಾರ್ಮಿನ್ ಬರೆದಿದ್ದಾರೆ. ಅವಳ ಗೆಳತಿ "ಮೆಟ್‌ಫಾರ್ಮಿನ್ ಇದ್ದರೆ ಫ್ರೀ, 'ಇ' ಚೌಕಕ್ಕೆ ಗುರುತು ಹಾಕು" ಎಂದಿದ್ದಾಳೆ. ಹಾಕಬಹುದಾ?

ಲೀಡ್ಸ್ ಡಾಕ್ಟರಮ್ಮ
ಬೇಡವೇ ಬೇಡ. ಮಾತ್ರೆ ಯಾವುದು ಎಂದು ನೋಡುವುದಿಲ್ಲ, ಯಾವ ಕಾಯಿಲೆಗೆ ಎಂದು ನೋಡುತ್ತಾರೆ. ಪಿಸಿಒಎಸ್ ಪಟ್ಟಿಯಲ್ಲಿಲ್ಲ. ಸಕ್ಕರೆ ಗಡಿಯಲ್ಲಿದೆ ಎಂದು ಮೆಟ್‌ಫಾರ್ಮಿನ್ ಕೊಟ್ಟರೂ ಅಷ್ಟೇ, ಪೂರ್ತಿ ಡಯಾಬಿಟಿಸ್ ಎಂದು ದಾಖಲಾಗಿರಬೇಕು.

ಹಾಸನದ ಹೈದ
ದಂಡ ಎಷ್ಟು ಅಂತ ಗೊತ್ತಿರಲಿ. ಕಟ್ಟಬೇಕಿದ್ದ ದುಡ್ಡು, ಅದರ ಮೇಲೆ ಅದರ ಐದು ಪಟ್ಟು ಅಥವಾ 100 ಪೌಂಡ್, ಯಾವುದು ಕಡಿಮೆಯೋ ಅದು. 28 ದಿನದಲ್ಲಿ ಕಟ್ಟದಿದ್ದರೆ ಇನ್ನೂ 50 ಪೌಂಡ್‌ವರೆಗೆ ಸೇರಬಹುದು.

ಬರ್ಮಿಂಗ್‌ಹ್ಯಾಮ್ ಅಮ್ಮ
ದಂಡದ ವಿಷಯ ಬಂತು, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಮೈದುನನಿಗೆ ಸಕ್ಕರೆ ಕಾಯಿಲೆ, ಸರ್ಟಿಫಿಕೇಟ್ ಇತ್ತು. ಮನೆ ಬದಲಾಯಿಸಿದರು. ಅವಧಿ ಮುಗಿಯುತ್ತದೆ ಅನ್ನುವ ಪತ್ರ ಹಳೇ ಮನೆಗೆ ಹೋಗಿದೆ. ಇವರಿಗೆ ಗೊತ್ತೇ ಇಲ್ಲ, ಫಾರ್ಮಸಿಯಲ್ಲೂ ಯಾರೂ ಕೇಳಲಿಲ್ಲ. ಇದ್ದಕ್ಕಿದ್ದಂತೆ ದಂಡದ ಪತ್ರ ಬಂತು. ಇನ್ಸುಲಿನ್ ಚುಚ್ಚಿಕೊಳ್ಳುವ ಮನುಷ್ಯ, ನಿನ್ನೆ ಇದ್ದ ಕಾಯಿಲೆ ಇವತ್ತು ಹೋಗಿಬಿಡುತ್ತದಾ? ಆ ಪತ್ರ ಹಿಡಿದುಕೊಂಡು ಅವರು ಅಪರಾಧ ಮಾಡಿದವರ ಹಾಗೆ ಕೂತಿದ್ದು ನೋಡಿ ನನಗೆ ತುಂಬಾ ಬೇಜಾರಾಯಿತು. ಫೋನಿನಲ್ಲಿ ಕ್ಯಾಲೆಂಡರ್ ಇದೆಯಲ್ಲ, ಸರ್ಟಿಫಿಕೇಟಿನ ಕೊನೆಯ ದಿನ ಹಾಕಿಡಿ. ಮನೆ ಬದಲಾಯಿಸಿದಾಗ ಸರ್ಜರಿಗೆ ಹೇಳಿದಂತೆ ಸರ್ಟಿಫಿಕೇಟ್ ಕೊಡುವವರಿಗೂ ಹೇಳಿ.

ಔಷಧಿ ಅಂಗಡಿ
ಅಮ್ಮ ಹೇಳಿದ್ದು ತುಂಬಾ ಜನಕ್ಕೆ ಆಗುತ್ತದೆ. ಈಗ ಹೆಚ್ಚಿನ ಫಾರ್ಮಸಿಗಳಲ್ಲಿ ಕಂಪ್ಯೂಟರ್‌ನಲ್ಲೇ ವಿನಾಯಿತಿ ಇದೆಯಾ ಎಂದು ನೋಡಬಹುದು. ಆದರೂ ಸಹಿ ನಿಮ್ಮದು, ಹೊಣೆಯೂ ನಿಮ್ಮದೇ. ಅರ್ಹತೆ ಇದ್ದೂ ಪತ್ರ ಬಂದರೆ ಹಾಗೇ ಇಟ್ಟುಕೊಳ್ಳಬೇಡಿ, ತಕ್ಷಣ ಅದರಲ್ಲಿರುವ ನಂಬರಿಗೆ ಫೋನ್ ಮಾಡಿ ಹೊಸ ಫಾರಂ ಕಳಿಸಿ.

ನೈಟ್ ಶಿಫ್ಟ್
ನಾನು ಕೇರ್ ಹೋಮ್‌ನಲ್ಲಿ ಕೆಲಸ ಮಾಡುತ್ತೇನೆ. ನನಗೂ ಆಸ್ತಮಾ. ಐಟಂ ಒಂದಕ್ಕೆ 9.90 ಪೌಂಡ್. ನೀಲಿ ಇನ್ಹೇಲರ್ ಒಂದು, ತಡೆಯುವ ಇನ್ಹೇಲರ್ ಒಂದು, ಮೂಗಿನ ಸ್ಪ್ರೇ ಒಂದು. ಸಂಬಳ ಬರುವ ಹಿಂದಿನ ವಾರ ಮೂರೂ ತೆಗೆದುಕೊಳ್ಳಲು ಆಗುವುದಿಲ್ಲ. ಆಗ ನೀಲಿಯದನ್ನು ಮಾತ್ರ ತೆಗೆದುಕೊಂಡು ಉಳಿದದ್ದನ್ನು "ಆಮೇಲೆ ಬರ್ತೀನಿ" ಎಂದು ಬಿಟ್ಟು ಬರುತ್ತೇನೆ. ಉಸಿರಾಡಲು ಬೇಕಾದದ್ದಕ್ಕೆ ದುಡ್ಡು ಎಣಿಸಿ ನಿಲ್ಲಬೇಕು, ಇದು ಯಾವ ನ್ಯಾಯ?

ಲೀಡ್ಸ್ ಡಾಕ್ಟರಮ್ಮ
ತಮ್ಮಾ, ದಯವಿಟ್ಟು ಹಾಗೆ ಮಾಡಬೇಡಿ. ನೀಲಿ ಇನ್ಹೇಲರ್ ಆ ಕ್ಷಣಕ್ಕೆ ಉಸಿರು ಬಿಡಿಸುತ್ತದೆ ಅಷ್ಟೇ, ಶ್ವಾಸನಾಳದ ಒಳಗಿನ ಊತ ಇಳಿಸುವುದು ತಡೆಯುವ ಇನ್ಹೇಲರ್. ಅದನ್ನು ಬಿಟ್ಟು ನೀಲಿಯದನ್ನೇ ಜಾಸ್ತಿ ಬಳಸುವವರೇ ರಾತ್ರೋರಾತ್ರಿ ಆಸ್ಪತ್ರೆ ಸೇರುವುದು. ನಿಮ್ಮ ಸರ್ಜರಿಯ ಆಸ್ತಮಾ ನರ್ಸ್ ಹತ್ತಿರ ಮಾತಾಡಿ. ಈಗ ಎರಡೂ ಕೆಲಸ ಒಂದರಲ್ಲೇ ಮಾಡುವ ಇನ್ಹೇಲರ್‌ಗಳಿವೆ. ನಿಮಗೆ ಹೊಂದಿದರೆ ಎರಡು ಐಟಂ ಒಂದಾಗುತ್ತದೆ.

ಕರಾವಳಿ ಹುಡುಗ
ನೈಟ್ ಶಿಫ್ಟ್ ಅಣ್ಣ, ನೀವು ಪಿಪಿಸಿ ತೆಗೆದುಕೊಂಡಿಲ್ವಾ? ಪ್ರೀಪೇಮೆಂಟ್ ಸರ್ಟಿಫಿಕೇಟ್. ವರ್ಷಕ್ಕೆ 114.50 ಪೌಂಡ್, ಆಮೇಲೆ ಎಷ್ಟು ಐಟಂ ಆದರೂ ಬೇರೆ ಕಟ್ಟಬೇಕಿಲ್ಲ. ಕಾಯಿಲೆ ಯಾವುದು ಎಂದು ಯಾರೂ ಕೇಳುವುದಿಲ್ಲ. ಒಟ್ಟಿಗೆ ಕೊಡುವುದು ಕಷ್ಟ ಆದರೆ ಡೈರೆಕ್ಟ್ ಡೆಬಿಟ್‌ನಲ್ಲಿ 10 ಕಂತು, ಕಂತಿಗೆ 11.45. ಮೂರು ತಿಂಗಳಿನದೂ ಇದೆ, 32.05.

ಲೆಕ್ಕ ಹೀಗೆ. ವರ್ಷಕ್ಕೆ 12 ಐಟಂ ಮುಟ್ಟಿದರೆ ಪಿಪಿಸಿ ಲಾಭ. ರೆಡಿಂಗ್ ಅಕ್ಕನ ಯಜಮಾನರು ತಿಂಗಳಿಗೆ ಎರಡು ಇನ್ಹೇಲರ್ ತೆಗೆದುಕೊಂಡರೆ ವರ್ಷಕ್ಕೆ 237.60. ಪಿಪಿಸಿ ಇದ್ದರೆ 123.10 ಉಳಿಯುತ್ತದೆ. ಚೀಟಿಯ ಹಿಂದೆ 'ಎಫ್' ಚೌಕ.

ನೈಟ್ ಶಿಫ್ಟ್
ಇದನ್ನು ನನಗೆ ಇವತ್ತಿನವರೆಗೆ ಒಬ್ಬರೂ ಹೇಳಿರಲಿಲ್ಲ. ಕಂತಿನಲ್ಲಿ ಆದರೆ ಖಂಡಿತ ಆಗುತ್ತದೆ. ಥ್ಯಾಂಕ್ಸ್ ತಮ್ಮ.

ಬರ್ಮಿಂಗ್‌ಹ್ಯಾಮ್ ಅಮ್ಮ
ಮುಟ್ಟು ನಿಲ್ಲುವ ವಯಸ್ಸಿನ ಹೆಣ್ಣುಮಕ್ಕಳು ಗಮನಿಸಿ. ಎಚ್‌ಆರ್‌ಟಿಗೆ (ಆ ವಯಸ್ಸಿನಲ್ಲಿ ಕೊಡುವ ಹಾರ್ಮೋನ್ ಚಿಕಿತ್ಸೆ) ಬೇರೆಯೇ ಪಿಪಿಸಿ ಇದೆ, ವರ್ಷಕ್ಕೆ 19.80 ಅಷ್ಟೇ. ಪ್ಯಾಚ್, ಜೆಲ್, ಮಾತ್ರೆ ಎಲ್ಲ ಸೇರುತ್ತದೆ. ಆದರೆ ಎಚ್‌ಆರ್‌ಟಿಗೆ ಮಾತ್ರ, ಬಿಪಿ ಮಾತ್ರೆಗೆ ನಡೆಯುವುದಿಲ್ಲ.

ಸ್ಲೌ ನಿವಾಸಿ
ಆಸ್ತಮಾ ಯಾಕೆ ಪಟ್ಟಿಯಲ್ಲಿಲ್ಲ, ಅದನ್ನು ಯಾರಾದರೂ ಹೇಳಿ. ಥೈರಾಯ್ಡ್ ಮಾತ್ರೆ ಬಿಟ್ಟರೆ ನಿಧಾನಕ್ಕೆ ಕಷ್ಟ ಆಗುತ್ತದೆ. ಆಸ್ತಮಾ ಬಂದರೆ ಅರ್ಧ ಗಂಟೆಯಲ್ಲಿ ಜೀವವೇ ಹೋಗಬಹುದು.

ತುಂಗಾತೀರ
ಪಟ್ಟಿ 1968ರದು, ಅದೇ ಕಾರಣ. ಎನ್‌ಎಚ್‌ಎಸ್ 1948ರಲ್ಲಿ ಶುರುವಾದಾಗ ಔಷಧಿ ಎಲ್ಲ ಫ್ರೀ ಇತ್ತು. 1952ರಲ್ಲಿ ಒಂದು ಷಿಲಿಂಗ್ ಶುಲ್ಕ ಬಂತು. 1965ರಲ್ಲಿ ತೆಗೆದರು, 1968ರಲ್ಲಿ ಮತ್ತೆ ಹಾಕಿದರು. ಹಾಕುವಾಗ ಕೆಲವು ಕಾಯಿಲೆಗಳನ್ನು ಹೊರಗಿಟ್ಟರು. ಅವತ್ತು ಬರೆದ ಆ ಪಟ್ಟಿಗೆ ಕ್ಯಾನ್ಸರ್ ಸೇರಿದ್ದು 2009ರಲ್ಲಿ. ಅದು ಬಿಟ್ಟರೆ ಪಟ್ಟಿ ಹೆಚ್ಚುಕಡಿಮೆ ಹಾಗೇ ಇದೆ.

ಸಿಸ್ಟಿಕ್ ಫೈಬ್ರೋಸಿಸ್ ನೋಡಿ, ಹುಟ್ಟಿನಿಂದಲೇ ಬರುವ ಶ್ವಾಸಕೋಶದ ಕಾಯಿಲೆ. 1968ರಲ್ಲಿ ಆ ಕಾಯಿಲೆಯ ಮಕ್ಕಳು ದೊಡ್ಡವರಾಗುವವರೆಗೆ ಬದುಕುವುದೇ ಅಪರೂಪ. ಮಕ್ಕಳಿಗೆ ಹೇಗೂ ಫ್ರೀ, ಹಾಗಾಗಿ ಪಟ್ಟಿಗೆ ಹಾಕುವ ಯೋಚನೆಯೇ ಬರಲಿಲ್ಲ. ಈಗ ಅದೇ ಮಕ್ಕಳು ಔಷಧಿಯ ಬಲದಿಂದ ದೊಡ್ಡವರಾಗಿ, ಕೆಲಸಕ್ಕೆ ಹೋಗಿ, ಆ ಔಷಧಿಗೆ ದುಡ್ಡು ಕಟ್ಟುತ್ತಿದ್ದಾರೆ. ಪ್ರೊಫೆಸರ್ ಇಯಾನ್ ಗಿಲ್ಮೋರ್ ನೇತೃತ್ವದಲ್ಲಿ ಸರ್ಕಾರವೇ ಒಂದು ಪರಿಶೀಲನೆ ಮಾಡಿಸಿತ್ತು. ಬಹಳ ಕಾಲದ ಕಾಯಿಲೆ ಇರುವ ಎಲ್ಲರಿಗೂ ಹಂತ ಹಂತವಾಗಿ ವಿನಾಯಿತಿ ಕೊಡಿ ಎಂದು ಅದರ ಸಲಹೆ. 2010ರಲ್ಲಿ ವರದಿ ಹೊರಗೆ ಬಂತು, ಜಾರಿಗೆ ಬರಲಿಲ್ಲ.

ಕೊವೆಂಟ್ರಿ ಕಾಕಾ
ಎಲ್ಲಾರಿಗೂ ಫ್ರೀ ಕೊಟ್ರ ರೊಕ್ಕ ಎಲ್ಲಿಂದ ತರ್ತಾರ? ಇಂಗ್ಲೆಂಡಿನ್ಯಾಗ ಹತ್ತು ಐಟಂನ್ಯಾಗ ಒಂಬತ್ತು ಈಗಾಗಲೇ ಫ್ರೀನೇ ಹೋಗ್ತಾವ. 60 ದಾಟಿದವ್ರಿಗೆ, 16ರ ಒಳಗಿನ ಹುಡುಗರಿಗೆ, 18ರ ತನಕ ಓದು ಬಿಡದವ್ರಿಗೆ, ಬಸುರಿ ಬಾಣಂತಿಯರಿಗೆ ಎಲ್ಲ ಫ್ರೀ. ದುಡಿಯೋ ಮಂದಿ ಅಷ್ಟರ ಕೊಡಬೇಕಲ್ಲ. ಎನ್‌ಎಚ್‌ಎಸ್ ನಡೀಬೇಕು.

ಸ್ಲೌ ನಿವಾಸಿ
ದುಡಿಯುವವರು ಕೊಡಲಿ ಕಾಕಾ, ಒಪ್ಪುತ್ತೇನೆ. ಆದರೆ ಈಗ ಹಾಗೆ ಆಗುತ್ತಿಲ್ಲ. ಬ್ಯಾಂಕಿನಲ್ಲಿ ದೊಡ್ಡ ಸಂಬಳದವನಿಗೆ ಥೈರಾಯ್ಡ್ ಇದ್ದರೆ ತಲೆನೋವಿನ ಮಾತ್ರೆವರೆಗೆ ಎಲ್ಲ ಫ್ರೀ. ಮೇಲೆ ಬರೆದ ನೈಟ್ ಶಿಫ್ಟ್ ಅಣ್ಣ ಇನ್ಹೇಲರ್ ಬಿಟ್ಟು ಮನೆಗೆ ಹೋಗುತ್ತಾರೆ. ಇದರಲ್ಲಿ ದುಡಿಮೆ ಲೆಕ್ಕ ಎಲ್ಲಿದೆ?

ಕೊವೆಂಟ್ರಿ ಕಾಕಾ
ಆ ಮಾತು ಖರೆ. ಪಟ್ಟಿ ತಿದ್ದಬೇಕು, ಅದಕ್ಕ ನನ್ನ ತಕರಾರು ಇಲ್ಲ. ಶುಲ್ಕ ಪೂರ್ತಿ ತೆಗೀಬಾರದು ಅಷ್ಟೇ.

ಗ್ಲಾಸ್ಗೋ ಕನ್ನಡಿಗ
ಪೂರ್ತಿ ತೆಗೆದರೆ ಏನಾಗುತ್ತದೆ ಎಂದು ಇಲ್ಲಿ ಬಂದು ನೋಡಿ ಕಾಕಾ. ಸ್ಕಾಟ್ಲೆಂಡಿನಲ್ಲಿ 2011ರಿಂದ ಎಲ್ಲರಿಗೂ ಫ್ರೀ. ವೇಲ್ಸ್‌ನಲ್ಲಿ 2007ರಿಂದ, ಉತ್ತರ ಐರ್ಲೆಂಡಿನಲ್ಲಿ 2010ರಿಂದ. ಫಾರಂ ಇಲ್ಲ, ದಂಡ ಇಲ್ಲ, ಅವಧಿ ಮುಗಿಯಿತಾ ಅನ್ನುವ ಭಯ ಇಲ್ಲ. ನಾನು ಮೊದಲು ಇಂಗ್ಲೆಂಡಿನಲ್ಲಿದ್ದವನು, ಇಲ್ಲಿ ಕೌಂಟರ್‌ನಲ್ಲಿ ಚೀಲ ಕೈಗೆ ಕೊಟ್ಟು "ಆಯಿತು" ಎಂದಾಗ ನಂಬಿಕೆಯೇ ಬರಲಿಲ್ಲ.

ಹಾಸನದ ಹೈದ
ಗ್ಲಾಸ್ಗೋ ಅಣ್ಣ, ಮಳೆ ಒಂದು ಬಿಟ್ಟರೆ ಅಲ್ಲೇ ಚೆಂದ ಅನಿಸುತ್ತಿದೆ.

ರೆಡಿಂಗ್ ಕನ್ನಡತಿ
ಸರ್‌ಚಾರ್ಜ್ ಬಗ್ಗೆ ಯಾರೂ ಹೇಳಲಿಲ್ಲ.

ಕರಾವಳಿ ಹುಡುಗ
ಅದು ಡಾಕ್ಟರನ್ನು ನೋಡಲು, ಆಸ್ಪತ್ರೆಗೆ, ಆಪರೇಷನ್‌ಗೆ. 2024ರ ಫೆಬ್ರವರಿಯಿಂದ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್. ಅದು ಕಟ್ಟಿದ ಮೇಲೆ ಇಲ್ಲಿಯವರಿಗೆ ಇರುವ ನಿಯಮವೇ ನಿಮಗೂ. ಅವರು ಪ್ರಿಸ್ಕ್ರಿಪ್ಷನ್‌ಗೆ ಕಟ್ಟುತ್ತಾರೆ, ಹಲ್ಲಿನ ಡಾಕ್ಟರಿಗೂ ಕಟ್ಟುತ್ತಾರೆ, ನೀವೂ ಕಟ್ಟಬೇಕು. ಹಾಗೆಯೇ ಅವರಿಗೆ ಸಿಗುವ ಮೆಡಿಕಲ್ ಎಕ್ಸೆಂಪ್ಷನ್ ನಿಮಗೂ ಸಿಗುತ್ತದೆ. ವೀಸಾದವರಿಗೆ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಬಾಳೆಹೊನ್ನೂರು ಕಾಫಿ
ಇಷ್ಟೆಲ್ಲ ಯಾಕೆ? ಊರಿಗೆ ಹೋದಾಗ ಆರು ತಿಂಗಳ ಮಾತ್ರೆ, ಇನ್ಹೇಲರ್ ತಂದರೆ ಆಯಿತು. ಜನೌಷಧಿ ಅಂಗಡಿಯಲ್ಲಿ ಇಲ್ಲಿಯ ಒಂದು ಐಟಂ ದುಡ್ಡಿಗೆ ಎಷ್ಟೋ ತಿಂಗಳಿನ ಬಿಪಿ ಮಾತ್ರೆ ಬರುತ್ತದೆ. ನಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಮ್ಮ ಅಮ್ಮನಿಗೆ ಬಿಪಿ, ಶುಗರ್ ಎರಡೂ ಮಾತ್ರೆ ಪುಕ್ಕಟೆ ಕೊಡುತ್ತಾರೆ. ಪಟ್ಟಿ ಗಿಟ್ಟಿ ಏನೂ ಇಲ್ಲ, ಚೀಟಿ ಮಾಡಿಸಿದರೆ ಆಯಿತು.

ಲೀಡ್ಸ್ ಡಾಕ್ಟರಮ್ಮ
ಅಮ್ಮನಿಗೆ ಸಿಗುತ್ತಿರುವುದು ಕೇಳಿ ಸಂತೋಷ. ಆದರೆ ಊರಿನಿಂದ ತಂದ ಮಾತ್ರೆ ಮೇಲೆ ಇಲ್ಲಿ ಬದುಕುವುದಕ್ಕೆ ನನ್ನ ವಿರೋಧ ಇದೆ. ನಿಮ್ಮ ಇಲ್ಲಿಯ ಡಾಕ್ಟರ್ ದಾಖಲೆಯಲ್ಲಿ ಆ ಮಾತ್ರೆ ಇರುವುದಿಲ್ಲ. ಮೈ ಹುಷಾರಿಲ್ಲದೆ ಆಂಬುಲೆನ್ಸ್‌ನಲ್ಲಿ ಬಂದರೆ ಏನು ತೆಗೆದುಕೊಳ್ಳುತ್ತೀರಿ ಎಂದು ಅಲ್ಲಿರುವವರಿಗೆ ಗೊತ್ತಾಗುವುದಿಲ್ಲ. ರಕ್ತ ಪರೀಕ್ಷೆಗೂ ಕರೆಯುವುದಿಲ್ಲ. ಥೈರಾಯ್ಡ್‌ನವರಿಗೆ ವರ್ಷಕ್ಕೊಮ್ಮೆಯಾದರೂ ಟಿಎಸ್‌ಎಚ್ ನೋಡಲೇಬೇಕು.

ಅದಕ್ಕಿಂತ ನಿಮ್ಮ ಕಾಯಿಲೆ ಹತೋಟಿಯಲ್ಲಿದ್ದರೆ ಎರಡು ಅಥವಾ ಮೂರು ತಿಂಗಳಿನದು ಒಟ್ಟಿಗೆ ಬರೆಯಲು ಕೇಳಿ. ಶುಲ್ಕ ಐಟಂ ಲೆಕ್ಕದಲ್ಲಿ, 28 ಮಾತ್ರೆಗೂ 9.90, 84ಕ್ಕೂ 9.90. ಎಲ್ಲ ಸರ್ಜರಿಯೂ ಒಪ್ಪುವುದಿಲ್ಲ, ಕೇಳಿದರೆ ತಪ್ಪೇನಿಲ್ಲ.

ಬಾಳೆಹೊನ್ನೂರು ಕಾಫಿ
ದಾಖಲೆ ವಿಷಯ ಸರಿ ಡಾಕ್ಟರೇ. ನಾನು ತರುವ ಮಾತ್ರೆ ಹೆಸರು ಸರ್ಜರಿಯಲ್ಲಿ ಬರೆಸುತ್ತೇನೆ. ಇನ್ನೊಂದು ಅನುಮಾನ. ನನ್ನ ಹೆಂಡತಿ ಬೆಳಿಗ್ಗೆ ಎದ್ದ ತಕ್ಷಣ ಫಿಲ್ಟರ್ ಕಾಫಿ ಜೊತೆಗೇ ಥೈರಾಯ್ಡ್ ಮಾತ್ರೆ ನುಂಗುತ್ತಾಳೆ. ಪರವಾಗಿಲ್ವಾ?

ಔಷಧಿ ಅಂಗಡಿ
ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ಮಾತ್ರೆ, ಕನಿಷ್ಠ ಅರ್ಧ ಗಂಟೆ ಬಿಟ್ಟು ಕಾಫಿ. ಕಾಫಿ ಆ ಮಾತ್ರೆಯನ್ನು ಮೈಗೆ ಹಿಡಿಯಲು ಬಿಡುವುದಿಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ ಇರಲಿ.

ತುಂಗಾತೀರ
ಕಡಿಮೆ ಆದಾಯದವರಿಗೆ ಇನ್ನೊಂದು ದಾರಿ ಇದೆ, ಅದನ್ನೂ ಹೇಳಿಬಿಡುತ್ತೇನೆ. ಎಚ್‌ಸಿ1 ಅರ್ಜಿ ಹಾಕಿ, ಉಳಿತಾಯ 16,000 ಪೌಂಡ್‌ಗಿಂತ ಹೆಚ್ಚಿರಬಾರದು. ಆದಾಯ, ಬಾಡಿಗೆ ಎಲ್ಲ ನೋಡಿ ಎಚ್‌ಸಿ2 ಸರ್ಟಿಫಿಕೇಟ್ ಬಂದರೆ ಪ್ರಿಸ್ಕ್ರಿಪ್ಷನ್ ಜೊತೆ ಹಲ್ಲಿನ ಚಿಕಿತ್ಸೆ, ಕಣ್ಣಿನ ಪರೀಕ್ಷೆ ಕೂಡ ಫ್ರೀ. ಓದುವ ಮಕ್ಕಳು ನೋಡಿ. ನೈಟ್ ಶಿಫ್ಟ್ ಅಣ್ಣ, ಪಿಪಿಸಿ ತೆಗೆದುಕೊಳ್ಳುವ ಮೊದಲು ಇದನ್ನು ಒಮ್ಮೆ ವಿಚಾರಿಸಿ.

ಸ್ಲೌ ನಿವಾಸಿ
ಕ್ಯಾನ್ಸರ್ ಮಾತು ಮೇಲೆ ಬಂದಿತ್ತು. ನಮ್ಮ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ಮುಗಿದಿದೆ. ಈಗ ಟಮಾಕ್ಸಿಫೆನ್ ಮಾತ್ರ. "ನನಗೆ ಈಗ ಕ್ಯಾನ್ಸರ್ ಇಲ್ಲವಲ್ಲ, ಹೇಗೆ ಕೇಳುವುದು" ಎಂದು ದುಡ್ಡು ಕಟ್ಟುತ್ತಿದ್ದಾರೆ. ಅವರು ಕೇಳಬಹುದಾ?

ಲೀಡ್ಸ್ ಡಾಕ್ಟರಮ್ಮ
ಧಾರಾಳವಾಗಿ. ಕ್ಯಾನ್ಸರ್ ಚಿಕಿತ್ಸೆ, ಕ್ಯಾನ್ಸರಿನಿಂದ ಆದ ತೊಂದರೆಗೆ ಚಿಕಿತ್ಸೆ, ಚಿಕಿತ್ಸೆಯಿಂದ ಆದ ತೊಂದರೆಗೆ ಚಿಕಿತ್ಸೆ, ಮೂರೂ ಸೇರುತ್ತದೆ. ಟಮಾಕ್ಸಿಫೆನ್ ಚಿಕಿತ್ಸೆಯೇ. ನಾಳೆಯೇ ಫಾರಂ ಕೇಳಲಿ, ಸಂಕೋಚ ಬೇಡ ಎಂದು ಹೇಳಿ.

ರೆಡಿಂಗ್ ಕನ್ನಡತಿ
ಎಲ್ಲರಿಗೂ ಒಂದು ಸುದ್ದಿ. ಸರ್ಜರಿಗೆ ನೇರವಾಗಿ ಹೋಗಿ "ಎಫ್‌ಪಿ 92ಎ ಕೊಡಿ" ಎಂದು ಫಾರಂ ಹೆಸರು ಹಿಡಿದೇ ಕೇಳಿದೆ. ಈ ಸಲ ಬೇರೆಯವರಿದ್ದರು, ಡ್ರಾಯರ್‌ನಿಂದ ತೆಗೆದು ಕೊಟ್ಟರು. ಅಲ್ಲೇ ನಿಂತು ತುಂಬಿದೆ. ಡಾಕ್ಟರ್ ಸಹಿ ಆಗಿ ಹೋಗುತ್ತದಂತೆ. ಅಲ್ಲಿಯವರೆಗೆ ದುಡ್ಡು ಕಟ್ಟಿ ಎಫ್‌ಪಿ 57 ಇಟ್ಟುಕೊಳ್ಳುತ್ತೇನೆ. ಯಜಮಾನರಿಗೆ ಪಿಪಿಸಿ ಕಂತಿನಲ್ಲಿ ಮಾಡಿಸುವುದು ಎಂದು ತೀರ್ಮಾನ ಆಗಿದೆ. ಒಂದೇ ಪಿಪಿಸಿ ಇಬ್ಬರಿಗೂ ನಡೆಯುತ್ತದಾ, ಅಥವಾ ಒಬ್ಬರಿಗೆ ಮಾತ್ರವಾ?

ಔಷಧಿ ಅಂಗಡಿ
ಒಬ್ಬರಿಗೆ ಮಾತ್ರ. ನಿಮಗೆ ಹೇಗೂ ಬೇಡ. ಅವರದು ಯಾವ ದಿನದಿಂದ ಶುರುವಾಗುತ್ತದೆ ಎಂದು ನೋಡಿಕೊಂಡು, ಇನ್ಹೇಲರ್ ಅದರ ನಂತರ ತೆಗೆದುಕೊಳ್ಳಿ.